ಹಳೆಯ ಕಡತ, ಹೊಸ ಕಡತ

ನಮ್ಮ ಸೀಮೆಯಲ್ಲಿ ಒಂದು ಮಾತು ಬಳಕೆಯಲ್ಲಿದೆ: ಉಜ್ಜಿನಿಯನ್ನು ಒಳಗೆ ನೋಡಬೇಕು, ಕುರುವತ್ತಿಯನ್ನು ಹೊರಗೆ ನೋಡಬೇಕು. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಸೊಬಗೆಲ್ಲ ಒಳಗೆ ಹೋಗಿ ತಲೆಯೆತ್ತಿ ನೋಡಿದವರಿಗೆ ಮಾತ್ರ ಕಾಣುವಂಥದು. ಛತ್ತಿನ ಕೆತ್ತನೆಯ ಕೆಳಗೆ ನಿಂತವರಿಗೆ ಕುತ್ತಿಗೆ ನೋಯುವುದು ಆಮೇಲೆ ತಿಳಿಯುತ್ತದೆ. ತುಂಗಭದ್ರೆಯ ದಡದ ಕುರುವತ್ತಿಯಲ್ಲಿ ಇದಕ್ಕೆ ವಿಪರ್ಯಾಸ. ಅಲ್ಲಿ ಮದನಿಕೆಯರು ಹೊರಗೇ ನಿಂತು ಬಂದವರನ್ನು ಎದುರುಗೊಳ್ಳುತ್ತಾರೆ.

ಈ ಮಾತು ಗುಡಿಗಳಿಗಷ್ಟೇ ಸಲ್ಲುವುದೆಂದು ನಾನು ತಿಳಿದಿದ್ದೆ. ನಿವೃತ್ತನಾದ ವರ್ಷ ಒಂದು ಲ್ಯಾಪ್‌ಟಾಪ್ ಕೊಳ್ಳಬೇಕೆಂದು ಹೊಸಪೇಟೆಯ ಅಂಗಡಿಗೆ ಹೋದಾಗ ಅದಕ್ಕೆ ಇನ್ನೊಂದು ಅರ್ಥವೂ ಉಂಟೆಂದು ತೋರಿಸಿಕೊಟ್ಟವನು ನನ್ನ ಅಣ್ಣನ ಮಗ. ಅವನು ಕೊಟ್ಟೂರಿನ ದಲ್ಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ನಾನು ಹೊಳಪುಳ್ಳ, ಎಲೆಯಂತೆ ತೆಳ್ಳಗಿದ್ದ ಒಂದು ಯಂತ್ರವನ್ನು ಕೈಯಲ್ಲಿ ಹಿಡಿದು ಮೆಚ್ಚುತ್ತಿದ್ದೆ. ಅವನು ಮೆಲ್ಲನೆ, “ಕಾಕಾ, ಇದೇನು ಕುರುವತ್ತಿ ಗುಡಿ ಅಲ್ರಿ ಹೊರಗ ನೋಡಾಕ. ಉಜ್ಜಿನಿ ಗುಡಿ ನೋಡ್ದಂಗ ಒಳಗ ಏನೈತಿ ನೋಡ್ರಿ” ಎಂದ. ಅಂಗಡಿಯ ಹುಡುಗನೂ ನಕ್ಕ. ಕಡೆಗೆ ನಾವು ಕೊಂಡದ್ದು ಬೂದು ಬಣ್ಣದ, ನೋಡಲು ಸಾಧಾರಣವಾದ, ಕಚೇರಿ ವ್ಯವಹಾರದವರಿಗೆಂದು ಮಾಡಿದ ಒಂದು ಯಂತ್ರವನ್ನು. ತೂಕ ಒಂದೂಕಾಲು ಕಿಲೋ. ಜೋಳಿಗೆಯಲ್ಲಿ ಎರಡು ದಪ್ಪ ಪುಸ್ತಕಗಳು ಇದ್ದಷ್ಟೇ ಭಾರ.

ಮನೆಗೆ ತಂದು ತೆರೆದು, ಬರವಣಿಗೆಯ ತಂತ್ರಾಂಶದ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿದಾಗ, ಮೇಲಿನ ಪಟ್ಟಿಯ ಮೊದಲ ಮಾತೇ ‘ಕಡತ’ ಎಂದಿತ್ತು. ನಾನು ಅಲ್ಲಿಯೇ ಸ್ವಲ್ಪ ಹೊತ್ತು ನಿಂತೆ. ಕನ್ನಡ ಓದಿ, ಕನ್ನಡ ಕಲಿಸಿ ಮುಪ್ಪಾದವನಿಗೆ ಆ ಮಾತು ಒಂದು ದೊಡ್ಡ ಚರಿತ್ರೆಯ ಬಾಗಿಲಿನಂತೆ ಕಂಡಿತು.

ಇಂದು ಕಡತವೆಂದರೆ ಕಚೇರಿಯ ಫೈಲು. ಕೆಂಪು ಪಟ್ಟಿ ಕಟ್ಟಿದ ಕಾಗದದ ಕಟ್ಟು, ಮೇಜಿನಿಂದ ಮೇಜಿಗೆ ಅಲೆಯುವ ವಸ್ತು. ಮೂಲದಲ್ಲಿ ಕಡತಕ್ಕೂ ಕಾಗದಕ್ಕೂ ಸಂಬಂಧವಿರಲಿಲ್ಲ. ಕಡತ, ಅಥವಾ ಕಡಿತ, ಬಟ್ಟೆಯ ಪುಸ್ತಕ. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಗೆ ಎರಡೂ ಮೈಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿದರೆ ಅದು ಕಪ್ಪಾಗಿ, ಗಟ್ಟಿಯಾಗಿ, ಬರೆಯಲು ಹದವಾದ ಹಲಗೆಯಾಗುತ್ತದೆ. ಆ ಪಟ್ಟಿಯನ್ನು ಕತ್ತರಿಸದೆ ಒಂದೇ ಅಳತೆಯ ಮಡಿಕೆಗಳಾಗಿ ಮಡಿಸಿ, ಮೇಲೂ ಕೆಳಗೂ ಮರದ ಹಲಗೆ ಕೂಡಿಸಿದರೆ ಪುಸ್ತಕ ಸಿದ್ಧ. ಬರೆಯುವುದು ಬಳಪದ ಕಡ್ಡಿಯಿಂದ. ಬಳಪವೆಂದರೆ ಮೃದುವಾದ ಕಲ್ಲು. ಕುರುವತ್ತಿಯ ಮದನಿಕೆಯರನ್ನು ಕಡೆದದ್ದೂ ಈ ಜಾತಿಯ ಕಲ್ಲಿನಲ್ಲಿಯೇ. ನಮ್ಮ ಶಿಲ್ಪಿಯೂ ನಮ್ಮ ಸೆಟ್ಟಿಯೂ ಒಂದೇ ಕಲ್ಲನ್ನು ನಚ್ಚಿಕೊಂಡಿದ್ದರು ಎನ್ನುವುದು ಕೇವಲ ಕವಿಕಲ್ಪನೆಯಲ್ಲ.

ಕಡತವನ್ನು ಕುರಿತು ಅತ್ಯಂತ ಸ್ಪಷ್ಟವಾದ ವಿವರಣೆಯನ್ನು ಬರೆದಿಟ್ಟವನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. 1810ರಲ್ಲಿ ಮೊದಲ ಸಂಪುಟ ಪ್ರಕಟವಾದ ಅವನ ದಕ್ಷಿಣ ಭಾರತದ ಇತಿಹಾಸದಲ್ಲಿ ಕಡತದ ಅಳತೆಯನ್ನೂ ಕೊಟ್ಟಿದ್ದಾನೆ: ಅಗಲ 8 ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಸಿರಿವಂತರ ಕಡತಗಳಿಗೆ ಬಣ್ಣ ಬಳಿದ ಹಲಗೆ, ರೇಷ್ಮೆಯ ಚೀಲ. ಬಡವರದಕ್ಕೆ ಬರಿಯ ದಾರ. ಮೈಸೂರು ಸೀಮೆಯ ವರ್ತಕರೂ ಅಂಗಡಿಕಾರರೂ ಎಲ್ಲರೂ ಇದರಲ್ಲಿಯೇ ಲೆಕ್ಕ ಬರೆಯುತ್ತಿದ್ದರೆಂದು ಅವನ ಸಾಕ್ಷ್ಯ. ಎಂಬತ್ತಾರು ವರ್ಷಗಳ ತರುವಾಯ, 1896ರಲ್ಲಿ, ಭಾರತೀಯ ಲಿಪಿಶಾಸ್ತ್ರದ ಮೇಲೆ ಗ್ರಂಥ ಬರೆದ ಜರ್ಮನ್ ವಿದ್ವಾಂಸ ಬ್ಯೂಲರನೂ ಕನ್ನಡ ವರ್ತಕರು ಕಡತದಲ್ಲಿ ಲೆಕ್ಕವಿಡುವುದನ್ನು ಹೇಳುತ್ತಾನೆ. ಶೃಂಗೇರಿ ಮಠದಲ್ಲಿ ಶತಮಾನಗಳ ಹಿಂದಿನ ಕಡತಗಳು ಉಳಿದುಬಂದು ಚರಿತ್ರಕಾರರಿಗೆ ದೊರೆತಿವೆ. ಅಲೆಗ್ಸಾಂಡರನ ನೌಕಾಪತಿ ನಿಯಾರ್ಕಸನು ಭಾರತೀಯರು ಒತ್ತಾಗಿ ನೆಯ್ದ ಬಟ್ಟೆಯ ಮೇಲೆ ಬರೆಯುತ್ತಾರೆಂದು ಹೇಳಿದ್ದನ್ನು ಸ್ಟ್ರಾಬೋ ಉದ್ಧರಿಸಿದ್ದಾನೆ. ಅದು ಕಡತವೇ ಇರಬಹುದೆಂದು ವಿಲ್ಕ್ಸ್ ಊಹಿಸಿದ. ಊಹೆ ಊಹೆಯಾಗಿಯೇ ಇರಲಿ.

ತೆಳ್ಳಗೆ, ಹಗುರ, ಮಡಿಸಬಹುದು, ಕಂಕುಳಲ್ಲಿ ಇಟ್ಟುಕೊಂಡು ಸಂತೆಗೆ ಹೋಗಬಹುದು, ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು. ವ್ಯಾಪಾರಿಗೆ ಬೇಕಾದ ಪುಸ್ತಕದ ಲಕ್ಷಣ ಇವೇ ಅಲ್ಲವೇ? ತಾಳೆಗರಿಯಲ್ಲಿ ಕಂಟದಿಂದ ಕೊರೆದದ್ದನ್ನು ಅಳಿಸಲಾಗದು, ಕಾಗದ ದುಬಾರಿ. ಕಡತಕ್ಕೆ ಒದ್ದೆ ಬಟ್ಟೆ ಇದ್ದರೆ ಸಾಕು.

ಆದರೆ ಒರೆಸಬಹುದಾದ ಪುಸ್ತಕವನ್ನು ನಂಬುವುದು ಹೇಗೆ? ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವನು ಟಿಪ್ಪು ಸುಲ್ತಾನ. ಸರ್ಕಾರದ ಲೆಕ್ಕಪತ್ರಗಳನ್ನು ಕಡತದಲ್ಲಿ ಬರೆಯಕೂಡದೆಂದು ಅವನು ನಿಷೇಧಿಸಿದನೆಂದು ವಿಲ್ಕ್ಸ್ ದಾಖಲಿಸುತ್ತಾನೆ. ಸುಲ್ತಾನನ ಮೇಲೆ ವಿಲ್ಕ್ಸನಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಅವನು ವಾದಿಸುವುದು ಹೀಗೆ: ಕಡತದ ಬರಹವನ್ನು ಅಳಿಸಬಹುದು, ಮೋಸಕ್ಕೆ ಎಡೆಯಿದೆ, ನಿಜ; ಆದರೂ ಕಲ್ಲು, ತಾಮ್ರ ಎರಡನ್ನು ಬಿಟ್ಟರೆ ಈ ದೇಶದಲ್ಲಿ ಬರೆಯಲು ಬಳಸುವ ಯಾವ ಪದಾರ್ಥವೂ ಕಡತದಷ್ಟು ಬಾಳುವುದಿಲ್ಲ. ಅಷ್ಟೇ ಅಲ್ಲ, ವರ್ತಕನ ಕಡತದಲ್ಲಿ ಸಾಕ್ಷಿಗಳ ಸಮೇತ ಬರೆದಿದ್ದ ಸಾಲಪತ್ರವೊಂದನ್ನು ನ್ಯಾಯವಿಚಾರಣೆಯಲ್ಲಿ ಒಪ್ಪಿಕೊಂಡದ್ದನ್ನು ತಾನೇ ಕಂಡಿರುವುದಾಗಿಯೂ ಹೇಳುತ್ತಾನೆ.

ಇವರಿಬ್ಬರಲ್ಲಿ ಸರಿ ಯಾರು? ನನ್ನ ಎಣಿಕೆಯಲ್ಲಿ ಇಬ್ಬರೂ ಸರಿ, ಏಕೆಂದರೆ ಇಬ್ಬರೂ ಮಾತಾಡುತ್ತಿರುವುದು ಬೇರೆ ಬೇರೆ ಸಂಗತಿಗಳನ್ನು ಕುರಿತು. ಪುಸ್ತಕ ಉಳಿಯುವುದು ಬೇರೆ, ಬರಹ ಉಳಿಯುವುದು ಬೇರೆ. ವಿಲ್ಕ್ಸ್ ನೋಡಿದ್ದು ಪುಸ್ತಕದ ಬಾಳಿಕೆ. ಸುಲ್ತಾನ ನೋಡಿದ್ದು ಬರಹದ ಬಾಳಿಕೆ. ಇವರಿಬ್ಬರೂ ಎತ್ತಿ ಹೇಳದ ಮೂರನೆಯ ಗುಣವೊಂದು ಕಡತಕ್ಕಿದೆ. ಬಟ್ಟೆಯನ್ನು ಕತ್ತರಿಸದೆ ಮಡಿಸಿರುವುದರಿಂದ ಒಂದು ಹಾಳೆಯನ್ನು ಕಿತ್ತು ಇನ್ನೊಂದನ್ನು ಸೇರಿಸುವಂತಿಲ್ಲ. ಒರೆಸಿದರೆ ಒರೆಸಿದ ಜಾಗ ಖಾಲಿಯಾಗಿ ಕಾಣುತ್ತದೆ. ಹಿಂದುಮುಂದಿನ ಲೆಕ್ಕ ಅದನ್ನು ಹಿಡಿದುಕೊಡುತ್ತದೆ. ಈ ಹೊಲಿಗೆಯಿಲ್ಲದ ಪುಸ್ತಕಕ್ಕೆ ನ್ಯಾಯಸ್ಥಾನದಲ್ಲಿ ಬೆಲೆ ಬಂದದ್ದಕ್ಕೆ ಸಾಕ್ಷಿಗಳ ಜೊತೆಗೆ ಇದೂ ಕಾರಣವಾಗಿರಬಹುದು.

ಉಜ್ಜಿನಿ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆ 1800ರಲ್ಲಿ ನಿಜಾಮನಿಂದ ಕಂಪನಿ ಸರ್ಕಾರಕ್ಕೆ ಸೇರಿತು. ದತ್ತಮಂಡಲಗಳ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1802ರಿಂದ ಹೊಲಹೊಲವನ್ನೂ 33 ಅಡಿಯ ಸರಪಳಿಯಿಂದ ಅಳೆಯಿಸಿದ. ಅಳತೆಯ ಜೊತೆಯಲ್ಲಿ ಲೆಕ್ಕವೂ ಬೆಳೆಯಿತು. ಮೈಸೂರಿನಲ್ಲಿ ಶಾನುಭೋಗ ಎನ್ನುವವನನ್ನು ಮದರಾಸು ಆಡಳಿತದ ನಮ್ಮ ಕಡೆ ಕರಣಂ ಎನ್ನುತ್ತಿದ್ದರು. ಊರಿನ ಭೂಮಿಯೆಲ್ಲ ಅವನ ಕಟ್ಟುಗಳಲ್ಲಿ. ಕಟ್ಟು ಅವನ ಮನೆಯಲ್ಲಿ. ಅವನ ಮನೆ ಅವನ ಮಗನಿಗೆ. ಹೊಲವಿದ್ದವನು ಅವನ ಜಗಲಿಯ ಕೆಳಗೆ ನಿಲ್ಲುತ್ತಿದ್ದನೆಂಬುದನ್ನು ನಮ್ಮ ಹಿರಿಯರು ಮರೆತಿರಲಿಲ್ಲ. 1953ರ ಅಕ್ಟೋಬರಿನಲ್ಲಿ ಬಳ್ಳಾರಿಯ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದ ಮೇಲೆ ಕಟ್ಟುಗಳು ಮನೆಗಳಿಂದ ಕಚೇರಿಗಳಿಗೆ ಹೋದವು. ಅಲ್ಲಿಗೂ ಅವುಗಳ ಪ್ರಯಾಣ ಮುಗಿಯಲಿಲ್ಲ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಎರಡು ದಶಕಗಳ ನಂತರ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಉಜ್ಜಿನಿಯ ಕಾಗದಗಳು ಕೂಡ್ಲಿಗಿಯಲ್ಲಿದ್ದವು. ಕೊಟ್ಟೂರು ತಾಲ್ಲೂಕಾದ ಮೇಲೆ ಅಲ್ಲಿಗೆ. ಕಾಗದದ ಭಾರವೇನೆಂಬುದು ಹೊತ್ತವರಿಗೆ ಗೊತ್ತು.

2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ಕೈಗೊಂಡ ‘ಭೂಮಿ’ ಯೋಜನೆ ಈ ಭಾರವನ್ನು ಇಳಿಸಿತು. 177 ತಾಲ್ಲೂಕುಗಳ, ಸುಮಾರು 67 ಲಕ್ಷ ರೈತರ, ಎರಡು ಕೋಟಿ ಪಹಣಿಗಳು ಗಣಕಯಂತ್ರದೊಳಕ್ಕೆ ಹೋದವು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಅದೇ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮೊದಲಾದವರು ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು ರೂಪಿಸಿದರು. ಓದುಬರಹ ಬಾರದವನಿಗೂ ಅವನ ಭಾಷೆಯಲ್ಲಿಯೇ ಓದಿ ಹೇಳಬೇಕೆಂಬುದು ಅವರ ಆಸೆ. ಕನ್ನಡವನ್ನು ಧ್ವನಿಯಾಗಿಸುವ ತಂತ್ರಾಂಶವನ್ನೂ ಮಾಡಿದರು. ನಮ್ಮ ರಾಜ್ಯದ ಭೂದಾಖಲೆಯ ಕೆಲಸದಲ್ಲಿ ಅದು ಸ್ವಲ್ಪಮಟ್ಟಿಗೆ ಬಳಕೆಯಾಯಿತು. ಮಾರುಕಟ್ಟೆಯಲ್ಲಿ ಮಾತ್ರ ನಿಲ್ಲಲಿಲ್ಲ. ಕಾಲಕ್ಕೆ ಮುಂಚೆ ಹುಟ್ಟಿದ ಮಕ್ಕಳ ಹಣೆಬರಹ ಅದು. ಗ್ರಾಮಲೆಕ್ಕಿಗರು, ಈಗಿನ ಹೆಸರಿನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು, 2024ರಲ್ಲಿ ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಲ್ಯಾಪ್‌ಟಾಪೂ ಇತ್ತು. ಕರಣಮನಿಗೆ ಕಟ್ಟು ಇದ್ದಂತೆ ಇವರಿಗೆ ಇದು.

ಹೊತ್ತು ತಿರುಗುವ ಗಣಕದ ವಂಶಾವಳಿ ಬಹಳ ದೊಡ್ಡದಲ್ಲ. 1981ರ ಆಸ್ಬೋರ್ನ್ ಯಂತ್ರದ ತೂಕ ಸುಮಾರು 11 ಕಿಲೋ. ಹೊಲಿಗೆಯಂತ್ರವನ್ನು ಹೊತ್ತಂತೆ ಅದನ್ನು ಹೊರಬೇಕಿತ್ತು. ಮರುವರ್ಷ ಬಂದ ಗ್ರಿಡ್ ಕಂಪಾಸ್ ಐದು ಕಿಲೋ. ಪುಸ್ತಕದಂತೆ ತೆರೆದು ಮುಚ್ಚುವ ರೂಪವನ್ನು ಜಗತ್ತಿಗೆ ಪರಿಚಯಿಸಿದ್ದು ಅದು. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಒಂದು ಕಚೇರಿಯ ಲಕೋಟೆಯೊಳಗಿಂದ ಲ್ಯಾಪ್‌ಟಾಪನ್ನು ಹೊರತೆಗೆದು ತೋರಿಸಿದಾಗ ಅದರ ತೂಕ 1.36 ಕಿಲೋಗೆ ಇಳಿದಿತ್ತು. ಕಡತ ಇಡುವ ಲಕೋಟೆಯೊಳಗಿಂದಲೇ ಯಂತ್ರ ಬಂದದ್ದು ಒಂದು ತಮಾಷೆ. ಅಲ್ಲಿಂದೀಚೆಗೆ ಎಲ್ಲ ತಯಾರಕರೂ ತೆಳುವಿನ ಹಿಂದೆ ಬಿದ್ದಿದ್ದಾರೆ.

ತೆಳುವು ಪುಕ್ಕಟೆಯಾಗಿ ಬರುವುದಿಲ್ಲ. ಇದನ್ನು ನಾನು ಅನುಭವದಿಂದ ತಿಳಿದೆ. ಮೈ ತೆಳುವಾದಷ್ಟೂ ಕೀಲಿಗಳಿಗೆ ಕೆಳಗಿಳಿಯಲು ಜಾಗ ಕಡಿಮೆ. ದಿನಕ್ಕೆ ಹತ್ತು ಪುಟ ಬರೆಯುವವನ ಬೆರಳು ಬೇಗ ಸೋಲುತ್ತದೆ. ಗಾಳಿಯಾಡಲು ಎಡೆಯಿಲ್ಲದೆ ಬಿಸಿಯಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅದನ್ನು ತೊಡೆಯ ಮೇಲಿಡುವುದು ನಮ್ಮ ಸೀಮೆಯಲ್ಲಿ ತಪಸ್ಸೇ ಸರಿ. ಸ್ಮರಣೆಯ ಬಿಲ್ಲೆಗಳನ್ನು ಮೂಲಹಲಗೆಗೇ ಬೆಸೆದುಬಿಡುತ್ತಾರೆ, ಆದ್ದರಿಂದ ಕೊಳ್ಳುವಾಗ ಎಷ್ಟಿದೆಯೋ ಕೊನೆಯವರೆಗೆ ಅಷ್ಟೇ. ಇದನ್ನು ಅಣ್ಣನ ಮಗ ಮೊದಲೇ ಎಚ್ಚರಿಸಿದ್ದರಿಂದ ನಾನು ಎಂಟು ಗಿಗಾಬೈಟಿನದನ್ನು ಬಿಟ್ಟು ಹದಿನಾರರದನ್ನು ಕೊಂಡೆ. ಪರದೆಯ ವಿಷಯದಲ್ಲಿಯೂ ಅವನ ಮಾತೇ ಗೆದ್ದಿತು. ಹೊಳೆಯುವ ಪರದೆ ಅಂಗಡಿಯಲ್ಲಿ ಚೆಂದ. ಉಜ್ಜಿನಿಯ ಪಡಸಾಲೆಯಲ್ಲಿ ಅದರೊಳಗೆ ಬರಹಕ್ಕಿಂತ ನನ್ನ ಮುಖವೇ ಹೆಚ್ಚು ಕಾಣುತ್ತಿತ್ತೋ ಏನೋ. ಮಂಕು ಪರದೆಯಾದ್ದರಿಂದ ಬೆಳಕಿಗೆ ಬೆನ್ನು ಮಾಡಿ ಕುಳಿತರೂ ಓದಬಹುದು. ವ್ಯವಹಾರದವರ ಯಂತ್ರಗಳಲ್ಲಿ ಕೀಲಿಮಣೆಯ ಮೇಲೆ ನೀರು ಚೆಲ್ಲಿದರೆ ಹರಿದುಹೋಗಲು ಕೆಲವದರಲ್ಲಿ ಕಿಂಡಿಗಳಿರುತ್ತವೆ, ಕೀಲು ಸಡಿಲವಾದರೆ ಬಿಡಿಭಾಗ ಬಹುಕಾಲ ಸಿಗುತ್ತದೆ. ಅಣ್ಣನ ಮಗನ ಲ್ಯಾಪ್‌ಟಾಪಂತೂ ಯಾವುದೋ ದೊಡ್ಡ ಕಚೇರಿಯಲ್ಲಿ ಮೂರು ವರ್ಷ ದುಡಿದು, ಬೆಂಗಳೂರಿನ ಎಸ್. ಪಿ. ರಸ್ತೆಗೆ ಬಂದು, ಅಲ್ಲಿಂದ ಕೊಟ್ಟೂರಿಗೆ ಬಂದದ್ದು. ಮೆಣಸಿನಕಾಯಿಯ ಘಾಟು, ಮೆಕ್ಕೆಜೋಳದ ಧೂಳು, ಎಲ್ಲದರ ನಡುವೆ ಅದು ಇನ್ನೂ ನಡೆಯುತ್ತಿದೆ.

ನನ್ನದಕ್ಕೆ ನಾಲ್ಕನೆಯ ವರ್ಷದಲ್ಲಿ ಬ್ಯಾಟರಿ ಸೋತಿತು. ವಿದ್ಯುತ್ತು ಹೋದೀತೆಂಬ ಭಯದಿಂದ ಹಗಲೂ ರಾತ್ರಿ ತಂತಿ ಚುಚ್ಚಿಯೇ ಇಟ್ಟದ್ದು ನನ್ನ ತಪ್ಪು. ಸದಾ ತುಂಬಿಸಿಟ್ಟರೆ ಈ ಲಿಥಿಯಂ ಕೋಶಗಳು ಬೇಗ ಮುಪ್ಪಾಗುತ್ತವೆ; ಶೇಕಡ 80ಕ್ಕೆ ನಿಲ್ಲಿಸುವ ಏರ್ಪಾಡು ಯಂತ್ರದೊಳಗೇ ಇತ್ತು. ಒಳಗೆ ನೋಡು ಎಂದವನ ಮಾತನ್ನು ನಾನು ಪೂರ್ತಿ ಕೇಳಿರಲಿಲ್ಲ.

ಕನ್ನಡ ಬರೆಯುವುದಕ್ಕೆ ಮಾತ್ರ ತೊಡಕಾಗಲಿಲ್ಲ. ಕೀಲಿಗಳ ಮೇಲೆ ಕನ್ನಡ ಅಕ್ಷರ ಕೊರೆದಿರುವುದಿಲ್ಲ, ಆದರೆ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ‘ಕೆ’ ಇರುವಲ್ಲಿ ಕ, ‘ಎಮ್’ ಇರುವಲ್ಲಿ ಮ. ಅನಂತಸುಬ್ಬರಾಯರ ಬೆರಳಚ್ಚು ಯಂತ್ರದಲ್ಲಿ ಪಳಗಿದ ಕೈಗೆ ಒಂದು ವಾರ ಬೇಕಾಯಿತು, ಅಷ್ಟೆ.

ನಾನು ಹೇಳಬೇಕೆಂದಿರುವ ನಷ್ಟ ಬೇರೆ. ಉಜ್ಜಿನಿಯಲ್ಲಿ ನಮ್ಮ ತಾಯಿಯ ತವರಿನವರಿಗೆ ಒಂದು ಕಾಲದಲ್ಲಿ ಅರಳೆ, ಬೆಲ್ಲ, ಹುಣಸೆಹಣ್ಣಿನ ಅಂಗಡಿ ಇತ್ತು. ಆ ಮನೆಯ ಅಟ್ಟದಲ್ಲಿ ಒಂದು ಕಡತವಿತ್ತು. ಹಲಗೆ ಇರಲಿಲ್ಲ, ಮೂಲೆಗಳಲ್ಲಿ ಕಪ್ಪು ಉದುರಿ ಬಟ್ಟೆ ಕಾಣುತ್ತಿತ್ತು. ಬರಹ ಮಾತ್ರ ಬೆಳ್ಳಗೆ ಹಾಗೆಯೇ ಇತ್ತು. 2004ರ ಬೇಸಿಗೆಯಲ್ಲಿ ನಾನು ಅಲ್ಲಿ ಕುಳಿತು ಅದನ್ನು ಓದಿ ಕಾಗದಕ್ಕೆ ಇಳಿಸಿಕೊಂಡೆ. ಮನೆಗೆ ಬಂದು ಗಣಕದಲ್ಲಿ ಕೂಡಿಸಿದೆ. ಹಳೆಯ ಲೆಕ್ಕದಲ್ಲಿ ಕಾಲಿಗೆ ಒಂದು ನಿಂತ ಗೀಟು, ಅರೆಗೆ ಎರಡು, ಮುಕ್ಕಾಲಿಗೆ ಮೂರು, ವೀಸಗಳಿಗೆ ಅಡ್ಡ ಗೀಟು. ಆಗಿನ ಅಕ್ಷರಶೈಲಿಯಲ್ಲಿ ಇವು ಇರಲಿಲ್ಲವಾದ್ದರಿಂದ ಬೇಡದ ಕೆಲವು ಕೀಲಿಗಳನ್ನು ನಾನೇ ಅವಕ್ಕೆ ಗೊತ್ತುಮಾಡಿಕೊಂಡೆ. ಕೆಲಸ ಮುಗಿದಾಗ ಮನೆಯವರಿಗೆ, “ಎಲ್ಲಾ ಕಂಪ್ಯೂಟರಿನಲ್ಲಿ ಬಂದಿದೆ, ಇನ್ನು ಚಿಂತೆಯಿಲ್ಲ” ಎಂದೆ. ಆ ಮಾತನ್ನು ನಾನು ಆಡಬಾರದಿತ್ತು. ಮನೆ ದುರಸ್ತಿಯಾದಾಗ ಅಟ್ಟ ಖಾಲಿ ಮಾಡಿದರು. ಕಡತ ಹೋಯಿತು. ನಾನು ಕಾಗದಕ್ಕೆ ಇಳಿಸಿಕೊಂಡದ್ದನ್ನು ಅದಕ್ಕೂ ಮೊದಲೇ ರದ್ದಿಗೆ ಹಾಕಿದ್ದೆ. ಮನೆಯವರನ್ನು ದೂರಲು ನನಗೆ ಬಾಯಿಲ್ಲ.

ಹದಿನೈದು ವರ್ಷದ ಮೇಲೆ ಹೊಸ ಲ್ಯಾಪ್‌ಟಾಪಿನಲ್ಲಿ ಆ ಹಳೆಯ ಕಡತವನ್ನು, ಅಂದರೆ ಗಣಕದ ಕಡತವನ್ನು, ತೆರೆದೆ. ಕನ್ನಡದ ಒಂದು ಅಕ್ಷರವೂ ಇಲ್ಲ. ಪುಟದ ತುಂಬ ರೋಮನ್ ಅಕ್ಷರ, ಚುಕ್ಕಿ, ಕೊಕ್ಕೆ, ವಿಚಿತ್ರ ಗುರುತುಗಳು. ಯುನಿಕೋಡ್ ಎಂಬ ಜಾಗತಿಕ ಸಂಕೇತಮಾಲೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿತ್ತು. ಆದರೆ ಬಹುಕಾಲ ನಾವು ಬರೆಯುತ್ತಿದ್ದುದು ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಚಿತ್ರ ಹೊದಿಸಿದ ಅಕ್ಷರಶೈಲಿಗಳಲ್ಲಿ. ಹೊದಿಕೆ ಇಲ್ಲದ ಯಂತ್ರದಲ್ಲಿ ಅದು ಕನ್ನಡವಲ್ಲ. ಕಡತದ ಮೇಲೆ ಇನ್ನೂರು ವರ್ಷ ನಿಲ್ಲಬಲ್ಲ ಬಳಪದ ಬರಹ ನನ್ನ ಕೈಯಲ್ಲಿ ಹದಿನೈದು ವರ್ಷ ನಿಲ್ಲಲಿಲ್ಲ. ಸುಲ್ತಾನನ ಸಂಶಯ ನೆನಪಾದದ್ದು ಆಗ. ಒರೆಸುವವರು ಯಾರೂ ಇಲ್ಲದೆಯೂ ಬರಹ ಅಳಿಯಬಹುದೆಂದು ಅವನೂ ಎಣಿಸಿರಲಾರ. ಇಂದಿನ ನ್ಯಾಯಾಲಯಗಳಿಗೂ ಈ ಬಗೆಯ ಬರಹದ ಮೇಲೆ ಪೂರ್ತಿ ನಂಬಿಕೆಯಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೂಲಕ ಸಾಕ್ಷ್ಯ ಕಾನೂನಿಗೆ 65ಬಿ ಎಂಬ ಕಲಮು ಸೇರಿತು. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಅದರ ಸ್ಥಾನ 63ನೆಯ ಕಲಮಿಗೆ. ಗಣಕದಿಂದ ತೆಗೆದ ಪ್ರತಿಯ ಜೊತೆಗೆ ಒಂದು ಪ್ರಮಾಣಪತ್ರ ಬೇಕು. ಸೆಟ್ಟಿಯ ಕಡತದಲ್ಲಿ ಸಾಕ್ಷಿಗಳು ರುಜು ಹಾಕಿದಂತೆಯೇ.

ಹಳೆಯ ಸಂಕೇತವನ್ನು ಯುನಿಕೋಡಿಗೆ ತಿರುಗಿಸುವ ತಂತ್ರಾಂಶಗಳನ್ನು ಕನ್ನಡದ ಉತ್ಸಾಹಿ ತರುಣರು ಮಾಡಿ ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದಾರೆ. ಅದರಿಂದ ಮಾತುಗಳೆಲ್ಲ ಮರಳಿ ಬಂದವು. ನಾನು ಗೊತ್ತುಮಾಡಿಕೊಂಡಿದ್ದ ಗೀಟುಗಳು ಬರಲಿಲ್ಲ. ಕಾಲು, ಅರೆ, ಮುಕ್ಕಾಲು, ವೀಸ ಎಲ್ಲ ಒಂದೇ ಖಾಲಿ ಚೌಕ. 2009ರಲ್ಲಿಯೇ ಈ ಗೀಟುಗಳಿಗೆ ಯುನಿಕೋಡಿನಲ್ಲಿ ಸ್ಥಾನ ಸಿಕ್ಕಿದೆಯೆಂಬುದು ನನಗೆ ತಿಳಿದದ್ದು ಆಮೇಲೆ. ಅದೂ ‘ಉತ್ತರ ಭಾರತದ ಅಂಕಿಗಳು’ ಎಂಬ ಹೆಸರಿನ ಅಡಿಯಲ್ಲಿ! ಕನ್ನಡ ಸೆಟ್ಟಿಯ ಮುಕ್ಕಾಲು ಹಣ ಉತ್ತರ ಭಾರತದ ಪಾಲಾಗಿದೆ, ಇರಲಿ, ಇದೆಯಲ್ಲ.

ಕಳೆದ ವರ್ಷ ಉಜ್ಜಿನಿಯ ಜಾತ್ರೆಗೆ ಹೋದಾಗ ಲ್ಯಾಪ್‌ಟಾಪನ್ನೂ ಒಯ್ದಿದ್ದೆ. ಜರಿಮಲೆಯಿಂದ ಬಂದ ಎಣ್ಣೆ ಶಿಖರಕ್ಕೆ ಏರಿ, ಜನ ಚದುರಿದ ಮೇಲೆ, ಪಡಸಾಲೆಯಲ್ಲಿ ಅಣ್ಣನ ಮಗನ ಮುಂದೆ ಆ ಚೌಕಗಳ ಪುಟವನ್ನು ಇಟ್ಟೆ. ಅವನು ತುಸು ಹೊತ್ತು ನೋಡಿ, “ಕಾಕಾ, ಪ್ರತಿ ಸಾಲಿನ ಕೊನಿಗೆ ಮೊತ್ತ ಅಕ್ಷರದಾಗ ಬರದಾರಲ್ರಿ. ಹಿಂದಕ ಲೆಕ್ಕ ಹಾಕಿದ್ರ ಸಿಗತೈತಿ” ಎಂದ. ನಾನು ಕನ್ನಡ ಎಂ.ಎ.; ನನಗೆ ಹೊಳೆದಿರಲಿಲ್ಲ. ದರವೂ ಮೊತ್ತವೂ ಗೊತ್ತಿದ್ದ ಕಡೆ ತೂಕದ ಗೀಟನ್ನು ಅವನು ಬಾಯಿಲೆಕ್ಕದಲ್ಲಿಯೇ ಹೇಳುತ್ತ ಹೋದ. ನಾನು ಕೂಡಿಸುತ್ತ ಹೋದೆ. ಬ್ಯಾಟರಿ ಮುಗಿಯುವ ಹೊತ್ತಿಗೆ ಮೊದಲ ಎರಡು ಮಡಿಕೆಯ ಲೆಕ್ಕ ತುಂಬಿತು. ಒಂದೇ ಸಾಲಿನಲ್ಲಿ ಎರಡು ಚೌಕಗಳಿರುವ ಕಡೆ ಮಾತ್ರ ಅವನಿಗೂ ಬಗೆಹರಿಯಲಿಲ್ಲ. ಅವನ್ನು ಹಾಗೆಯೇ ಬಿಟ್ಟಿದ್ದೇವೆ.